ಸ್ಟಿಯರಿಂಗಿಲ್ಲದ ಮೋಟಾರು

ಕಳೆದ ಭಾನುವಾರ ನನ್ನ ತಮ್ಮನ ಮಗ ಶ್ರೀಪಾದ ಕುಮಟೆಯಿಂದ ತನ್ನದೇ ಕಾರಿನಲ್ಲಿ ಘಟ್ಟ ಹತ್ತಿ ಶಿರಸಿಗೆ ಬಂದಿದ್ದ. ಅವನು ಹಲ್ಲಿನ ಡಾಕ್ಟರು. ನನ್ನ ಬಾಯಲ್ಲಿ ಅವನಿಗೆ ಕೆಲಸ ಕೊಡುವಂಥದ್ದು ಏನೂ ಉಳಿದಿಲ್ಲವಾದ್ದರಿಂದ ನಮ್ಮಿಬ್ಬರ ನಡುವೆ ಒಳ್ಳೆಯ ಸ್ನೇಹವಿದೆ. ಊಟವಾದ ಮೇಲೆ ಜಗಲಿಯಲ್ಲಿ ಪೇಪರು ಹಾಸಿಕೊಂಡು ಕೂತು, ಚೀಲದಿಂದ ಒಂದು ಡಬ್ಬಿ ತೆಗೆದ. ಅದರೊಳಗೆ ಹೆಬ್ಬೆರಳು ಗಾತ್ರದ ಬಣ್ಣದ ಬಾಟಲಿಗಳು, ಬೆಕ್ಕಿನ ಮೀಸೆಯಷ್ಟು ಸಪೂರದ ಕುಂಚ, ಆಸ್ಪತ್ರೆಯದೇ ಒಂದು ಚಿಮಟ, ಮತ್ತು ಅರ್ಧ ಕಟ್ಟಿದ ಪುಟಾಣಿ ಕಾರು. ಮಸ್ಕತ್ತಿನಲ್ಲಿರುವ ಗೆಳೆಯ ತಂದುಕೊಟ್ಟದ್ದಂತೆ. "ಹವ್ಯಾಸ ಅತ್ತೆ," ಎಂದ, ಯಾರಾದರೂ ಬೈಯುವ ಮೊದಲೇ ತಪ್ಪೊಪ್ಪಿಕೊಳ್ಳುವವನ ಧ್ವನಿಯಲ್ಲಿ.

ಬಾಟಲಿಯ ಮುಚ್ಚಳ ತಿರುಗಿಸಿದ್ದೇ ತಡ, ಮೂಗಿಗೆ ಚುರ್ ಎನ್ನುವ ಒಂದು ವಾಸನೆ ಬಂತು. ಬೇರೆಯವರಾದರೆ ಕಿಟಕಿ ತೆಗೆಯುತ್ತಿದ್ದರು. ನಾನು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡೆ. ನಲವತ್ತು ವರ್ಷಕ್ಕೂ ಹಿಂದೆ ಇದೇ ಮನೆಯ ಹಿಂದಿನ ಅಂಕಣದಲ್ಲಿ ಇದರ ಅಣ್ಣನಂಥ ವಾಸನೆಯೊಂದು ಸದಾ ತುಂಬಿಕೊಂಡಿರುತ್ತಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆಯ ವಾಸನೆ ಅದು. ಕೈಗೆ ತಾಗಿದರೆ ಚರ್ಮ ಏಳುತ್ತದೆ, ಮರಕ್ಕೆ ತಾಗಿದರೆ ಕಪ್ಪಗೆ ಹೊಳೆಯುತ್ತದೆ.

ಶ್ರೀಪಾದ ಬಣ್ಣ ಒಣಗಲು ಬಿಟ್ಟು ಎದ್ದವನು ಒಳಗೆ ಗಾಜಿನ ಕಪಾಟಿನ ಮುಂದೆ ನಿಂತುಬಿಟ್ಟ. ಮೊದಲೂ ಎಷ್ಟೋ ಸಲ ನೋಡಿದ್ದಾನೆ; ಆದರೆ ತಾನೇ ಕಟ್ಟುವುದಕ್ಕೆ ಶುರುಮಾಡಿದವನ ಕಣ್ಣು ಬೇರೆ. "ಅತ್ತೆ, ಈ ಮರದ ಕಾರಿಗೆ ಸ್ಟಿಯರಿಂಗೇ ಇಲ್ಲೆ! ಬಾಗಿಲ ಹಿಡಿಕೆ ತಿರುಗ್ತು, ದೀಪಕ್ಕೆ ಗಾಜಿದ್ದು, ಸ್ಟಿಯರಿಂಗ್ ಇಲ್ಲೆ. ಆನು ಒಂದು ಮಾಡಿ ಹಾಕ್ತೆ, ತಡೆ."

"ಬ್ಯಾಡ," ಎಂದೆ. ಸ್ವಲ್ಪ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಅವನು ಕೈ ಹಿಂದಕ್ಕೆ ತೆಗೆದ.

"ಎಂತಕ್ಕೆ?"

ಎಂತಕ್ಕೆ ಎನ್ನುವುದನ್ನು ಅವನಿಗೆ ಹೇಳಿದ ಹಾಗೆಯೇ ನಿಮಗೂ ಹೇಳುತ್ತೇನೆ. ನಿಮಗೇನೂ ಘಟ್ಟ ಇಳಿಯುವ ಅವಸರ ಇಲ್ಲವಷ್ಟೆ.

ನಾನು ಮಂಚಿಕೇರಿಯ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ಮೂವತ್ತರ ದಶಕದಲ್ಲಿ, ಕರನಿರಾಕರಣೆಯ ಗದ್ದಲವೆಲ್ಲ ತಣ್ಣಗಾದ ಮೇಲೆ. ಪೇಟೆಯ ಹಿಂದಿನ ಓಣಿಯ ಈ ಮನೆಯಲ್ಲಿ ಆಗ ಇಬ್ಬರು ಅಣ್ಣತಮ್ಮಂದಿರು. ತಮ್ಮ ನನ್ನ ಗಂಡ. ಅಣ್ಣ ಶಂಭು ಭಾವ, ಮಾಮಲೇದಾರ ಕಚೇರಿಯಲ್ಲಿ ನಕಲು ಗುಮಾಸ್ತ. ಭಾವನ ಹೆಂಡತಿ ಭಾಗಕ್ಕ, ಸಿದ್ದಾಪುರ ತಾಲೂಕಿನ ಹೆಗ್ಗರಣೆಯವಳು. ಭಾವ ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲಿ ಬೇರೆಯವರು ಬರೆದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದರು. ಮನೆಗೆ ಬಂದು ಕೈಕಾಲು ತೊಳೆದು, ಹಿಂದಿನ ಅಂಕಣದಲ್ಲಿ ಮಣೆಯ ಮೇಲೆ ಕೂತು ಬೇರೆಯವರ ಮೋಟಾರನ್ನು ಇದ್ದ ಹಾಗೆ ಮಾಡುತ್ತಿದ್ದರು. ಅಡಿಗೆ ಒಂದು ಇಂಚಿನ ಲೆಕ್ಕ. ನಿಜವಾದ ಮೋಟಾರು ಹದಿನಾಲ್ಕು ಅಡಿ ಇದ್ದರೆ ಭಾವನದು ಹದಿನಾಲ್ಕು ಇಂಚು.

ನಾನು ಮೊದಲ ಸಲ ನೋಡಿದಾಗ ಮಕ್ಕಳ ಆಟಿಕೆ ಎಂದುಕೊಂಡೆ. ಮನೆಯಲ್ಲಿ ಮಕ್ಕಳಿಲ್ಲವಲ್ಲ ಎಂದು ಆಮೇಲೆ ಹೊಳೆಯಿತು.

ಶಿವನೆ ಮರದಲ್ಲಿ ಮೈ. ಉಳಿಯಲ್ಲಿ ಕೆತ್ತಿ, ಗರಗತ್ತಿ ಎಲೆಯಲ್ಲಿ ಉಜ್ಜುವುದು. ನೆಕ್ಕುವ ದನದ ನಾಲಿಗೆಯ ಹಾಗೆ ಒರಟಾದ ಎಲೆ ಅದು, ನಮ್ಮ ಗುಡಿಗಾರರು ಗಂಧದ ಕೆತ್ತನೆಗೆ ಬಳಸುವಂಥದ್ದು. ಮಡ್‌ಗಾರ್ಡಿಗೆ ಚಿಮಣಿ ಎಣ್ಣೆಯ ಡಬ್ಬಿಯ ತಗಡು. ಚಕ್ರಕ್ಕೆ ಹಳೆಯ ಟ್ಯೂಬಿನ ರಬ್ಬರು. ಮುಂದಿನ ಗಾಜಿಗೆ ಅಭ್ರಕದ ಹಾಳೆ. ರೇಡಿಯೇಟರಿನ ಬಲೆಗೆ ಭಾಗಕ್ಕನ ಹಾಲು ಸೋಸುವ ಜರಡಿ ಬಲಿಯಾಗಿತ್ತು. ಸೀಟಿನೊಳಗೆ ಬೆಂಡು, ಮೇಲೆ ಹೊಲಿದದ್ದು ನನ್ನದೇ ಮದುವೆಯ ಒಂದು ಕುಪ್ಪಸದ ತೋಳು; ಬಣ್ಣ ಸರಿಯಾಗಿ ಹೊಂದುತ್ತದೆಂದು ಭಾವ ಕೇಳಿದರು, ಹೊಸ ಸೊಸೆ ಇಲ್ಲವೆನ್ನುವುದು ಹೇಗೆ? ಈಗ ಕೇಳಿದ್ದರೆ ಬೇರೆ ಮಾತು.

ಭಾವನಿಗೆ ಒಂದೇ ಒಂದು ತತ್ವವಿತ್ತು. "ನಕಲು ಅಂದ್ರೆ ಅಸಲಿನ ತಪ್ಪೂ ಬರವು. ತಿದ್ದಿರೆ ಅದು ನಕಲಲ್ಲ, ಅಧಿಕಪ್ರಸಂಗ." ಹಾಗಾಗಿ ಅವರ ಮೋಟಾರಿನಲ್ಲಿ ಎಡಬಾಗಿಲಿಗೆ ಕಟ್ಟಿದ ಸುತಳಿಯೂ ಇರುತ್ತಿತ್ತು, ಏಕೆಂದರೆ ಅಸಲಿನಲ್ಲಿ ಚಿಲಕ ಕೆಟ್ಟಿತ್ತು.

ಅಸಲು ಕಾಸಿಂ ಸಾಬರದು. ಅವರು ಶಿರಸಿಯಿಂದ ಕುಮಟೆಗೆ ಬಾಡಿಗೆ ಮೋಟಾರು ಓಡಿಸುತ್ತಿದ್ದರು. ಮೇಲೆ ಮಡಚುವ ಕ್ಯಾನ್ವಾಸಿನ ಹೊದಿಕೆ, ಪಕ್ಕದಲ್ಲಿ ಹತ್ತುವ ಹಲಗೆ. ಐದು ಜನರಿಗೆ ಮಾಡಿದ ಗಾಡಿಯಲ್ಲಿ ಕಾಸಿಂ ಸಾಬರು ಎಷ್ಟು ಜನರನ್ನು ಕೂರಿಸುತ್ತಿದ್ದರೆಂದರೆ, ಇಳಿದ ಮೇಲೆ ನಮ್ಮ ನಮ್ಮ ಕೈಕಾಲು ನಮ್ಮವೇ ಹೌದೋ ಎಂದು ನೋಡಿಕೊಳ್ಳಬೇಕಿತ್ತು. ಭಾವ ಮೊದಲ ಸಲ ಟೇಪು ಹಿಡಿದು ಆ ಗಾಡಿಯನ್ನು ಅಳೆಯಲು ಹೋದಾಗ ಸಾಬರು ಓಡಿ ಬಂದಿದ್ದರಂತೆ. ಕಚೇರಿಯ ಗುಮಾಸ್ತ ಅಳೆಯುತ್ತಿದ್ದಾನೆಂದರೆ ಸರಕಾರ ಗಾಡಿಯ ಉದ್ದದ ಮೇಲೂ ತೆರಿಗೆ ಹಾಕುತ್ತದೆಂದೇ ಅರ್ಥ. "ಹೆಗಡೇರೆ, ಇದು ನೋಡಲಿಕ್ಕೆ ಉದ್ದ ಕಾಣ್ತದೆ, ಆದ್ರೆ ಗಿಡ್ಡ ಗಾಡಿ!" ಎಂದಿದ್ದರಂತೆ. ವಿಷಯ ತಿಳಿದ ಮೇಲೆ ಅವರಷ್ಟು ಹುರುಪು ಭಾವನಿಗೂ ಇರಲಿಲ್ಲ. ಸವೆದ ಟ್ಯೂಬು, ಒಡೆದ ದೀಪದ ಗಾಜು ಎಲ್ಲ ನಮ್ಮ ಮನೆಗೇ ಬರತೊಡಗಿತು.

ಭಾಗಕ್ಕನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅವಳಿಗೆ ಹರಕೆ ಹೊರುವುದೆಂದರೆ ಉಳಿದವರಿಗೆ ಸೀನು ಬಂದ ಹಾಗೆ, ತಡೆಯಲಾಗುತ್ತಿರಲಿಲ್ಲ. ಹಾಲು ಒಡೆದರೆ ಒಂದು ದೇವರು, ಭಾವ ಕಚೇರಿಯಿಂದ ಬರುವುದು ತಡವಾದರೆ ಇನ್ನೊಂದು. ತೀರಿಸುವುದರಲ್ಲಿಯೂ ಅಷ್ಟೇ ನಿಷ್ಠೆ. ನಮ್ಮ ಮನೆಯ ಕಾಯಿಯೆಲ್ಲ ಸಾರಿಗೆ ಹೋದದ್ದಕ್ಕಿಂತ ಹೆಚ್ಚು ದೇವಸ್ಥಾನಕ್ಕೆ ಹೋಗಿದೆ.

ಘಟ್ಟದ ಒಂದು ಕಡಿದಾದ ತಿರುವಿನಲ್ಲಿ ಬೂತಪ್ಪನ ಕಟ್ಟೆ ಇತ್ತು, ಈಗಲೂ ಇದೆ. ಗುಡಿಯಿಲ್ಲ, ಸೂರಿಲ್ಲ, ಮರದ ಬುಡದಲ್ಲಿ ಎರಡು ಕಲ್ಲು. ಸುತ್ತಲಿನವರು ಅಲ್ಲಿಗೆ ಮರದ ಗೊಂಬೆ ಒಪ್ಪಿಸುತ್ತಿದ್ದರು. ದನಕ್ಕೆ ಕಾಯಿಲೆಯಾದರೆ ಮರದ ದನ, ಕಾಲು ಮುರಿದರೆ ಮರದ ಕಾಲು. ಅದಕ್ಕೆ ಎರಡೇ ನಿಯಮ. ಒಪ್ಪಿಸುವ ವಸ್ತುವಿಗೆ ಊನ ಇರಬಾರದು. ಕಿವಿಯಿಲ್ಲದ ದನ ಬೂತಪ್ಪನಿಗೆ ಬೇಡ. ಒಮ್ಮೆ ಒಪ್ಪಿಸಿದ ಮೇಲೆ ಯಾರೂ ಮುಟ್ಟುವಂತಿಲ್ಲ. ಬಿಸಿಲು, ಗೆದ್ದಲು, ಮಳೆ ಏನು ಮಾಡುತ್ತವೋ ಮಾಡಲಿ.

ಒಂದು ವರ್ಷ ಚಳಿಗಾಲದಲ್ಲಿ ಭಾವ, ಭಾಗಕ್ಕ, ನಾನು ಮೂವರೂ ಕಾಸಿಂ ಸಾಬರ ಮೋಟಾರಿನಲ್ಲಿ ಕುಮಟೆಗೆ ಹೊರಟಿದ್ದೆವು. ನೆಂಟರ ಮನೆಯ ಉಪನಯನ. ಘಟ್ಟದ ಅರ್ಧ ಇಳಿದಾಗ ಬ್ರೇಕು ಹಿಡಿಯಲಿಲ್ಲ. ನನಗೆ ಮೊದಲು ಅದು ಗೊತ್ತಾಗಲಿಲ್ಲ. ಗಾಳಿ ಚೆನ್ನಾಗಿ ಬರುತ್ತಿದೆ ಎಂದುಕೊಂಡೆ. ಸಾಬರು "ಯಾ ಅಲ್ಲಾ" ಎಂದಾಗ ಅವರ ಕುತ್ತಿಗೆಯ ನರ ನೋಡಿ ಗೊತ್ತಾಯಿತು. ಎಡಕ್ಕೆ ಗುಡ್ಡ, ಬಲಕ್ಕೆ ಏನೂ ಇಲ್ಲ. ಎದುರಿಗೆ ಬೂತಪ್ಪನ ತಿರುವು. ಆಗ ಭಾಗಕ್ಕ ನನ್ನ ರಟ್ಟೆ ಹಿಡಿದುಕೊಂಡು ಕೂಗಿದಳು, "ಬೂತಪ್ಪಾ, ಮನೇಲಿ ಇವು ಮಾಡಿದ ಮರದ ಮೋಟಾರು ನಿಂಗೆ ಕೊಡ್ತೆ! ಕಾಪಾಡು!"

ಸಾಬರು ಗಾಡಿಯನ್ನು ಬೇಕೆಂದೇ ಎಡದ ಗುಡ್ಡಕ್ಕೆ ಒತ್ತಿದರು. ತಗಡು ಕೆರೆಯುವ ಶಬ್ದ, ಮಣ್ಣು, ಧೂಳು. ಕಟ್ಟೆಯಿಂದ ನಾಲ್ಕು ಮಾರು ಈಚೆಗೆ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಮೊದಲು ಬಾಯಿ ಬಿಟ್ಟವರು ಭಾವ. ಬದುಕಿದೆವೇ, ಪೆಟ್ಟಾಯಿತೇ ಎಂದೇನಲ್ಲ. ಹೆಂಡತಿಯ ಕಡೆ ತಿರುಗಿ, "ನಿಂಗೆ ಬೇರೆಂತೂ ಸಿಕ್ಕಿದ್ದಿಲ್ಯ?" ಎಂದರು.

"ಕಾಯಿ ಹೇಳುಲೆ ಹೊಂಟಿದ್ದಿ," ಎಂದು ಅಕ್ಕ ಅಳುತ್ತಾ ಹೇಳಿದಳು. "ಈ ಗುಂಡಿಗೆ ಕಾಯಿ ಸಾಲ್ತಿಲ್ಲೆ ಕಂಡ್ತು."

ನನಗೆ ನಗು ಬಂತು. ಹೆದರಿಕೆಯ ನಗು ಅದು, ಆದರೂ ನಗುವೇ. ಈಗಲೂ ನನ್ನನ್ನು ಕೇಳಿದರೆ, ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು.

ಊರಿಗೆ ಮರಳಿದ ಮೇಲೆ ಭಾವ ಮೊದಲು ಮಾಡಿದ ಕೆಲಸವೆಂದರೆ ಮರದ ಮೋಟಾರಿನ ಎಡ ಮಡ್‌ಗಾರ್ಡನ್ನು ಸುತ್ತಿಗೆಯಿಂದ ತಟ್ಟಿ ಜಜ್ಜಿದ್ದು. ಅಸಲು ಜಜ್ಜಿತ್ತಲ್ಲ. ಆಮೇಲೆ ಸಮಾಧಾನದ ಮುಖ ಮಾಡಿಕೊಂಡು, "ಊನ ಆತು. ಇನ್ನು ಕೊಡುಲೆ ಬತ್ತಿಲ್ಲೆ," ಎಂದರು. ಭಾಗಕ್ಕ ಮರುವಾರವೇ ಬೂತಪ್ಪನ ಪೂಜೆಯ ತಿಮ್ಮಪ್ಪನನ್ನು ಪೇಟೆಯಲ್ಲಿ ಹಿಡಿದು ಮನೆಗೆ ಕರೆತಂದಳು. ಅವನು ಮೋಟಾರನ್ನು ಸುತ್ತ ನೋಡಿ ತಲೆ ಕೆರೆದುಕೊಂಡ. "ಅಸಲಿಗೆ ಈ ಗುಳಿ ಅದೆಯಾ?" ಎಂದು ಕೇಳಿದ. ಇದೆ ಎಂದೆವು. "ಹಂಗಾರೆ ಊನ ಅಲ್ಲ. ಅಸಲಿಗೆ ಇದ್ದದ್ದು ಇದಕ್ಕೆ ಇಲ್ದಿದ್ರೆ ಅದು ಊನ," ಎಂದು ಎಲೆಯಡಿಕೆ ಹಾಕಿಕೊಂಡು ಹೋದ.

ಭಾವ ಸೋಲಲಿಲ್ಲ, ದಾರಿ ಸಿಕ್ಕಿತು. ಅಸಲಿಗೆ ಇದ್ದದ್ದು ಇದಕ್ಕೆ ಏನೇನಿಲ್ಲ ಎಂದು ಹುಡುಕತೊಡಗಿದರು. ಹಾರ್ನಿನ ರಬ್ಬರು ಬುರುಡೆ ಇರಲಿಲ್ಲ. ಮಸಿ ತುಂಬುವ ಪಿಚಕಾರಿಯಿಂದ ಅದು ಆಗುವಷ್ಟರಲ್ಲಿ ತಿಂಗಳಾಯಿತು. ಆಮೇಲೆ ಸ್ಟೆಪ್ನಿಯ ಬೆಲ್ಟು. ಆಮೇಲೆ ಹಲಗೆಯ ಕೆಳಗಿನ ಸ್ಕ್ರೂ. ಅಷ್ಟರಲ್ಲಿ ಕಾಸಿಂ ಸಾಬರು ಸೀಟಿನ ಬಟ್ಟೆ ಬದಲಿಸಿದರು, ಭಾವನ ಮುಖ ಅರಳಿತು. ಹಾಗೆ ನೋಡಿದರೆ ಭಾವ ಸುಳ್ಳೇನೂ ಹೇಳುತ್ತಿರಲಿಲ್ಲ. ಕೆಲಸ ನಿಜವಾಗಿಯೂ ಮುಗಿದಿರಲಿಲ್ಲ, ಮತ್ತು ಅಂಥ ಕೆಲಸ ಮುಗಿಸದೆ ಕೂತವರಷ್ಟು ಸುಖಿಗಳನ್ನು ನಾನು ಬೇರೆ ಕಂಡಿಲ್ಲ.

ಸುಖವಿಲ್ಲದೆ ಇದ್ದವರು ಬೇರೆಯವರು. ಆ ದಿನ ಮೋಟಾರಿನಲ್ಲಿ ನಮ್ಮೊಡನೆ ಇದ್ದವರು ಹರಕೆಯನ್ನು ಕಿವಿಯಾರೆ ಕೇಳಿದ್ದರು. ಶಿರಸಿ ಆಗ ಸಣ್ಣ ಊರು. ಮಾತು ಹರಡುವುದಕ್ಕೆ ಗಾಳಿಯೂ ಬೇಕಿರಲಿಲ್ಲ. ಹರಕೆ ತೀರದ ಗಾಡಿ ಎಂದು ಜನ ಕಾಸಿಂ ಸಾಬರ ಮೋಟಾರು ಹತ್ತಲು ಹಿಂದೆಮುಂದೆ ನೋಡತೊಡಗಿದರು. ಯಲ್ಲಾಪುರದಿಂದ ಇನ್ನೊಬ್ಬನ ಗಾಡಿ ಬಂದು ಅದೇ ದಾರಿಗೆ ನಿಂತಿತು, ಅದು ತುಂಬಿ ಹೋಗುತ್ತಿತ್ತು. ಸಾಬರ ಗಾಡಿಯಲ್ಲಿ ಈಗ ಐವರಿಗೆ ಮಾಡಿದ ಜಾಗದಲ್ಲಿ ಐವರೂ ಇರುತ್ತಿರಲಿಲ್ಲ. ಸಾಬರು ಇದನ್ನು ನಮ್ಮ ಮನೆಯಲ್ಲಿ ಎತ್ತಲೇ ಇಲ್ಲ. ಪೇಟೆಯಿಂದ ಕೇಳಿಕೊಂಡು ಬಂದ ನನ್ನ ಗಂಡ ಅಣ್ಣನ ಹತ್ತಿರ ಹೇಳಿದರು. ಭಾವ ಉಜ್ಜುತ್ತಿದ್ದ ಕೈ ನಿಲ್ಲಿಸಲಿಲ್ಲ. ಆ ಸಂಜೆ ಭಾಗಕ್ಕ ಊಟ ಮಾಡಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಒಂದು ದಿನ ಕಾಸಿಂ ಸಾಬರು ಮನೆಗೆ ಬಂದರು. ತಲೆಯಿಂದ ನೀರಿಳಿಯುತ್ತಿತ್ತು. ಮೋಟಾರಿನಲ್ಲಿ ಬಂದವರು ಇಷ್ಟು ನೆನೆದದ್ದು ಹೇಗೆ ಎಂದು ಹೊರಗೆ ಇಣುಕಿದೆ. ಗಾಡಿಯ ಹೊದಿಕೆ ಈ ತುದಿಯಿಂದ ಆ ತುದಿಗೆ ಹರಿದು ಜೋಲುತ್ತಿತ್ತು.

"ಸಾಬರೆ, ಇದನ್ನ ಹೊಲಿಸಲಾಗ್ತಿರ್ಲಿಲ್ವ?" ಎಂದರು ಭಾವ.

"ಹೊಲಿಸಬಹುದಿತ್ತು ಹೆಗಡೇರೆ. ಹರಿದು ಹದಿನೈದು ದಿನ ಆಯ್ತು." ಸಾಬರು ಟೋಪಿ ಹಿಂಡಿದರು. "ನಾನು ಏನಾದ್ರೂ ಬದಲು ಮಾಡಿದ್ರೆ ನಿಮ್ಮದು ಮತ್ತೆ ಹಿಂದೆ ಬೀಳ್ತದಲ್ಲ. ಅದಕ್ಕೆ ಮುಟ್ಟಲಿಲ್ಲ. ನೀವು ಇದನ್ನೂ ನೋಡಿ ಮಾಡಿಬಿಡಿ. ಆಮೇಲೆ ಹೊಲಿಸ್ತೇನೆ."

"ನಿಮಗೆ ಬೂತಪ್ಪನ ಮೇಲೆ ನಂಬಿಕೆ ಇದ್ಯಾ?"

"ನನಗೆ ಅದೆಯೋ ಇಲ್ವೋ, ಗಾಡೀಲಿ ಕೂರೋರಿಗೆ ಅದೆ."

ಬೈಯಲಿಲ್ಲ, ಬೇಡಲಿಲ್ಲ. ಭಾಗಕ್ಕ ಒಳಗಿನಿಂದ ಒಣ ಪಂಚೆಯೊಂದನ್ನು ತಂದು ನನ್ನ ಕೈಯಲ್ಲಿ ಕೊಟ್ಟಳು, ನಾನು ಸಾಬರಿಗೆ ಕೊಟ್ಟೆ. ಭಾವ ಛತ್ರಿ ಹಿಡಿದು ಹೊರಗೆ ಹೋಗಿ, ಹರಕು ಹೊದಿಕೆಯನ್ನು ಬಹಳ ಹೊತ್ತು ನೋಡಿ ಬಂದರು. ಆ ವಾರ ಅವರು ಕಚೇರಿಯಿಂದ ನೇರವಾಗಿ ಮಣೆಗೆ ಬಂದು ಕೂರುತ್ತಿದ್ದರು. ಪುಟ್ಟ ಕ್ಯಾನ್ವಾಸನ್ನು ಅದೇ ಜಾಗದಲ್ಲಿ, ಅದೇ ವಕ್ರದಲ್ಲಿ ಹರಿದರು. ನೂಲುಗಳನ್ನು ಒಂದೊಂದಾಗಿ ಎಳೆದು ಇಳಿಬಿಟ್ಟರು. ಅಷ್ಟು ಚೆಂದದ ಹರಕನ್ನು ನಾನು ಮತ್ತೆ ಕಂಡಿಲ್ಲ.

ಮಳೆ ಬಿಡುವು ಕೊಟ್ಟ ಒಂದು ಬೆಳಿಗ್ಗೆ ನಾವೆಲ್ಲ ಸಾಬರ ಗಾಡಿಯಲ್ಲೇ ಹೋದೆವು. ತಿಮ್ಮಪ್ಪ ಕಟ್ಟೆ ಗುಡಿಸಿ ಕಾದಿದ್ದ. ಭಾವ ಮೋಟಾರನ್ನು ಕಲ್ಲಿನ ಮುಂದೆ ಇಟ್ಟರು. ಕಟ್ಟೆ ಸ್ವಲ್ಪ ಇಳಿಜಾರು. ಮೋಟಾರು ಒಂದು ಬೆರಳಿನಷ್ಟು ತಾನೇ ಉರುಳಿತು. ಭಾವ ಅಂಗಿಯ ಜೇಬಿಗೆ ಕೈಹಾಕಿ ಕಡಲೆ ಬೀಜದಷ್ಟು ಸಣ್ಣ ಮರದ ತುಂಡೊಂದನ್ನು ತೆಗೆದು ಹಿಂದಿನ ಚಕ್ರಕ್ಕೆ ಅಡ್ಡ ಕೊಟ್ಟರು. ಘಟ್ಟದಲ್ಲಿ ಗಾಡಿ ನಿಲ್ಲಿಸಿದಾಗ ಸಾಬರು ಇಡುವ ಅಡ್ಡಗಟ್ಟಿಗೆಯ ನಕಲು. ಅದನ್ನು ಯಾವಾಗ ಮಾಡಿದ್ದರೋ. ಸಾಬರು ನೋಡಿ ಜೋರಾಗಿ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಭಾವ ನಗಲಿಲ್ಲ, ಅಳಲಿಲ್ಲ. ಗಾಡಿಗೆ ಬಂದು ಕೂತರು.

ಸಾಬರ ಮೋಟಾರು ಮತ್ತೆ ತುಂಬಿ ಹೋಗತೊಡಗಿತು, ನಮ್ಮ ಕೈಕಾಲು ಮತ್ತೆ ಕಲಸಿಹೋದವು. ಆದರೆ ಆಮೇಲೆ ಭಾವ ಘಟ್ಟ ಇಳಿಯುವಾಗ ಬಲಗಡೆ ಕೂರುತ್ತಿದ್ದರು, ಹತ್ತುವಾಗ ಎಡಗಡೆ. ಕಟ್ಟೆ ಎರಡು ಸಲವೂ ಆಚೆ ಬದಿಗೆ ಇರಬೇಕು. ಭಾಗಕ್ಕ ಕಟ್ಟೆಯ ಬದಿಗೆ. ತಿರುವು ದಾಟಿದ ಮೇಲೆ ಅವಳು ಮೆಲ್ಲನೆ, "ಇನ್ನೂ ಇದ್ದು," ಎನ್ನುತ್ತಿದ್ದಳು. ಒಂದೆರಡು ಮಳೆಗಾಲ ಕಳೆದ ಮೇಲೆ ಒಂದು ಸಲ ತಿರುವು ದಾಟಿತು, ಅವಳು ಏನೂ ಹೇಳಲಿಲ್ಲ. ಭಾವನೂ ಕೇಳಲಿಲ್ಲ.

ಆ ದಶಕ ಮುಗಿಯುವ ಹೊತ್ತಿಗೆ ಭಾವ ಇನ್ನೊಂದು ಮೋಟಾರು ಮಾಡಿದರು, ಈಗ ನನ್ನ ಕಪಾಟಿನಲ್ಲಿರುವುದು. ಜಂಗಲು ಇಲಾಖೆಯ ಸಾಹೇಬನ ಮುಚ್ಚಿದ ಕಾರು. ಮೊದಲನೆಯದಕ್ಕಿಂತ ಚೆಂದ, ಬಾಗಿಲಿನ ಗಾಜು ಇಳಿಯುತ್ತದೆ, ದೀಪದೊಳಗೆ ಬಲ್ಬಿನಂಥ ಒಂದು ಮಣಿ. ಎಲ್ಲ ಮುಗಿದು ಗೇರೆಣ್ಣೆಯ ಕೊನೆಯ ಕೈ ಒಣಗಿದ ಮರುದಿನ ನೋಡಿದರೆ ಸ್ಟಿಯರಿಂಗು ಇಲ್ಲ. ಮನೆಯೆಲ್ಲ ಹುಡುಕಿದೆವು. ಚಾಪೆ ಕೊಡವಿದೆವು, ಅಕ್ಕಿ ಜರಡಿ ಹಿಡಿದೆವು. ಹುಡುಕುವುದರಲ್ಲಿ ಭಾಗಕ್ಕನೇ ಎಲ್ಲರಿಗಿಂತ ಮುಂದು. "ಇನ್ನೊಂದು ಮಾಡಿಬಿಡಿ ಭಾವ," ಎಂದೆ ನಾನು. ಒಂದು ಸಂಜೆಯ ಕೆಲಸ ಅವರಿಗೆ. "ಸಿಕ್ಕಿದ್ರೆ ಹಾಕಿದ್ರಾತು," ಎಂದರು. ಇನ್ನೊಂದು ಮಾಡಲೇ ಇಲ್ಲ. ಸೋಮಾರಿತನ ಬಂತು ಎಂದುಕೊಂಡೆ.

ಭಾವ ಹೋಗಿ ಬಹಳ ವರ್ಷಗಳ ಮೇಲೆ, ತನ್ನ ಕೊನೆಯ ದಿನಗಳಲ್ಲಿ, ಭಾಗಕ್ಕ ತನ್ನ ಹಳೆಯ ಕುಂಕುಮದ ಕರಡಿಗೆಯನ್ನು ನನ್ನ ಕೈಯಲ್ಲಿಟ್ಟಳು. ಕುಂಕುಮ ಬಿಟ್ಟು ಎಷ್ಟೋ ಕಾಲವಾಗಿತ್ತು, ಆದರೂ ಕರಡಿಗೆ ಅವಳ ಹತ್ತಿರವೇ ಇರುತ್ತಿತ್ತು. ತೆಗೆದು ನೋಡಿದೆ. ಹತ್ತಿಯ ಉಂಡೆ. ಉಂಡೆಯೊಳಗೆ ಸ್ಟಿಯರಿಂಗು.

"ಆನೇ ತೆಗೆದಿಟ್ಟಿದ್ದು ತಂಗಿ," ಎಂದಳು. "ಯನ್ನ ಬಾಯಿ ಯಂಗೆ ಗೊತ್ತಿದ್ದು. ಹೆದ್ರಿಕೆ ಆದ್ರೆ ಅದು ಎಂತ ಹೇಳ್ತು ಹೇಳುಲೆ ಬತ್ತಿಲ್ಲೆ. ಊನ ಇದ್ದದ್ದು ಯಾವ ದೇವ್ರಿಗೂ ಬ್ಯಾಡ. ಅದಕ್ಕೇಯ."

"ಭಾವಂಗೆ ಗೊತ್ತಿತ್ತಾ ಅಕ್ಕ?"

"ಆನು ಅದನ್ನ ಬರೇ ಕುಂಕುಮದೊಳಗೆ ಹುಗಿದಿಟ್ಟಿದ್ದಿ. ಒಂದಿನ ಬೆಳಿಗ್ಗೆ ತೆಗೆದ್ರೆ ಹತ್ತಿ ಸುತ್ತಿತ್ತು. ಮುರಿಯದಿರ್ಲಿ ಹೇಳಿ ಇವು ಸುತ್ತಿದ್ದ ಕಾಣ್ತು."

"ಎಂತೂ ಕೇಳಿದ್ವಿಲ್ಯ?"

"ಇಲ್ಲೆ. ಆನೂ ಹೇಳಿದ್ದಿಲ್ಲೆ." ಆಮೇಲೆ ನನ್ನ ಕೈ ಹಿಡಿದು, "ಎರಡನ್ನೂ ಒಂದೇ ಕಡೆ ಇಡಡ," ಎಂದಳು.

ಹೀಗಾಗಿ ಮೋಟಾರು ಕಪಾಟಿನಲ್ಲಿದೆ, ಕರಡಿಗೆ ನನ್ನ ಟ್ರಂಕಿನಲ್ಲಿದೆ. ಬೂತಪ್ಪನ ಕಟ್ಟೆಯ ಮೇಲೆ ಈಗ ಲಾರಿ ಡ್ರೈವರುಗಳು ಪ್ಲಾಸ್ಟಿಕ್ಕಿನ ಲಾರಿ, ಬಸ್ಸು ತಂದಿಡುತ್ತಾರೆ. ಮೊದಲು ಇಟ್ಟವರು ಯಾರೆಂದು ಅವರಿಗೆ ಗೊತ್ತಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ.

ಇಷ್ಟನ್ನೂ ಕೇಳಿದ ಶ್ರೀಪಾದ ಕರಡಿಗೆ ತೋರಿಸು ಎಂದ. ತೋರಿಸಿದೆ. ಚಿಮಟದಲ್ಲಿ ಸ್ಟಿಯರಿಂಗನ್ನು ಎತ್ತಿ ಬೆಳಕಿಗೆ ಹಿಡಿದು, ಹಲ್ಲು ನೋಡಿದ ಹಾಗೆ ನೋಡಿದ. "ಎಂಥಾ ಕೆಲ್ಸ ಅತ್ತೆ! ಅವಿಬ್ರೂ ಈಗಿಲ್ಲೆ. ಇನ್ನು ಹರಕೆ ಹೊರುಲೆ ಯಾರಿದ್ದ? ಒಂದು ಹನಿ ಗೋಂದು ಸಾಕು." ನನಗೂ ಹೌದೆನಿಸಿತು. ಹರಕೆ ಹೊರುವ ಚಟ ನನಗಿಲ್ಲ. ಇಡೀ ಆಯುಷ್ಯ ಭಾಗಕ್ಕನನ್ನು ನೋಡಿ ನಕ್ಕವಳು ನಾನು. "ಮುಂದಿನ ಸಲ ಬಂದಾಗ ನೋಡನ," ಎಂದು ಕರಡಿಗೆ ಮುಚ್ಚಿದೆ.

ಅವನು ಹೊರಟಾಗ ಬಿಸಿಲಿಳಿದಿತ್ತು, ಘಟ್ಟದ ಕಡೆ ಮೋಡ ಕಟ್ಟಿತ್ತು. ಮುಟ್ಟಿದ ಕೂಡಲೇ ಫೋನು ಮಾಡು ಎಂದೆ. ದೀಪ ಹಚ್ಚುವ ಹೊತ್ತಾಯಿತು, ಫೋನಿಲ್ಲ. ಮಳೆ ಶುರುವಾಯಿತು, ಫೋನಿಲ್ಲ. ಇಷ್ಟು ಹೊತ್ತಿಗೆ ಆ ತಿರುವಿನಲ್ಲಿರಬೇಕು ಎಂದುಕೊಂಡೆ. ಬ್ರೇಕು ನೋಡಿಸಿದ್ದಾನೋ ಇಲ್ಲವೋ. ಕುರ್ಚಿಯ ಕೈ ಹಿಡಿದುಕೊಂಡೆ, ಬಾಯಿ ತಾನೇ ತೆರೆಯಿತು. "ಬೂತಪ್ಪಾ," ಎಂದೆ, "ಮನೇಲಿದ್ದ ಮೋ..." ಕಣ್ಣು ಕಪಾಟಿನ ಕಡೆ ಹೋಯಿತು. ಗಾಜಿನ ಹಿಂದೆ ಅದು ನಿಂತಿತ್ತು, ದೀಪ, ಬಾಗಿಲು, ಚಕ್ರ ಎಲ್ಲ ಇದ್ದು, ಸ್ಟಿಯರಿಂಗಿಲ್ಲದೆ.

"ಒಂದು ಕಾಯಿ ಒಡೆಸ್ತೆ," ಎಂದು ಹೇಳಿ ಬಾಯಿ ಮುಚ್ಚಿಕೊಂಡೆ.